ಚಿತ್ರದ ಕೆಳಗೆ ಹೆಸರು

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಹೇಳಿಕೊಟ್ಟವಳು. ಇಪ್ಪತ್ತೊಂಬತ್ತು ವರ್ಷ ಅದೇ ಕೆಲಸ ಮಾಡಿದೆ. ಮಕ್ಕಳು ಹಾಳೆ ತಂದು ಕೊಡುವಾಗ ನಾನು ದಿನಾ ಹೇಳುತ್ತಿದ್ದ ಮಾತು ಒಂದೇ. "ಹೆಸರೆಲ್ಲಿ? ಹೆಸರು ಬರಿ." ಚಿತ್ರ ಮುಗಿದ ಖುಷಿಯಲ್ಲಿ ಮಕ್ಕಳಿಗೆ ಅದೇ ಮರೆತುಹೋಗುತ್ತದೆ. ಸಂಜೆ ಮೇಜಿನ ಮೇಲೆ ನಾಲ್ಕೈದು ಹಾಳೆ ಉಳಿದುಬಿಡುತ್ತಿದ್ದವು, ಯಾರದ್ದು ಅಂತ ಗೊತ್ತಾಗದೆ. ಆ ಮಾತಿಗೆ ಎಷ್ಟು ತೂಕ ಇರಬಹುದು ಅಂತ ನನಗೆ ತಿಳಿದದ್ದು ನಿವೃತ್ತಿಯಾದ ಮೇಲೆ, ಪ್ರಾಗ್ ಊರಿನ ಒಂದು ಸಿನಗಾಗ್‌ನಲ್ಲಿ.

ಮಗಳು ಜರ್ಮನಿಯಲ್ಲಿ ಕೆಲಸದಲ್ಲಿದ್ದಾಳೆ. ಅವಳ ಮನೆಗೆ ಹೋಗಿದ್ದಾಗ ಇಬ್ಬರೂ ಎರಡು ದಿನದ ಮಟ್ಟಿಗೆ ಚೆಕ್ ದೇಶದ ಪ್ರಾಗ್‌ಗೆ ಹೋದೆವು. ಅಲ್ಲಿ ಯೋಸೆಫೋವ್ ಅಂತ ಹಳೆಯ ಯಹೂದಿ ಕೇರಿ ಇದೆ. ಸಿನಗಾಗ್ ಅಂದರೆ ಯಹೂದಿಗಳು ಸೇರಿ ಪ್ರಾರ್ಥನೆ ಮಾಡುವ ಜಾಗ. ನಾನು ಹೇಳುತ್ತಿರುವುದಕ್ಕೆ ಪಿಂಕಾಸ್ ಸಿನಗಾಗ್ ಅಂತ ಹೆಸರು. 1535ರಲ್ಲಿ ಕಟ್ಟಿ ಮುಗಿಸಿದ್ದು. ಹೊರಗಿನಿಂದ ನೋಡಿದರೆ ಅಂಥ ದೊಡ್ಡ ಕಟ್ಟಡ ಅನ್ನಿಸುವುದಿಲ್ಲ. ರಸ್ತೆಯಿಂದ ಕೆಲವು ಮೆಟ್ಟಿಲು ಇಳಿದು ಒಳಗೆ ಹೋಗಬೇಕು.

ಒಳಗೆ ಕಾಲಿಟ್ಟಾಗ ಮೊದಲು ಕಣ್ಣಿಗೆ ಬಿದ್ದದ್ದು ಗೋಡೆಯ ಬಣ್ಣ. ದೂರದಿಂದ ಬೂದು ಬಣ್ಣದ ನೇಯ್ಗೆಯ ಹಾಗೆ ಕಾಣುತ್ತದೆ. ಮಧ್ಯೆ ಮಧ್ಯೆ ಕೆಂಪು ಎಳೆ, ಅಲ್ಲಲ್ಲಿ ಹೊಂಬಣ್ಣ. ಸೀರೆಯ ಒಡಲಿನ ಹಾಗೆ. ಹತ್ತಿರ ಹೋದೆ. ಅದು ನೇಯ್ಗೆ ಅಲ್ಲ, ಅಕ್ಷರ. ಗೋಡೆಯಲ್ಲಿ ನೆಲದ ಹತ್ತಿರದಿಂದ ಕಮಾನಿನ ತನಕ ಬರೀ ಹೆಸರು. ಕುಂಚ ಹಿಡಿದು ಕೈಯಲ್ಲಿ ಬರೆದ ಹೆಸರು.

ಎರಡನೇ ಮಹಾಯುದ್ಧದಲ್ಲಿ ನಾಜಿಗಳು ಯುರೋಪಿನ ಸುಮಾರು 60 ಲಕ್ಷ ಯಹೂದಿಗಳನ್ನು ಕೊಂದರು. ಅದನ್ನೇ ಹೊಲೊಕಾಸ್ಟ್ ಅನ್ನುವುದು. 60 ಲಕ್ಷ ಅಂದರೆ ನಮ್ಮ ತಲೆಗೆ ಏನೂ ಹತ್ತುವುದಿಲ್ಲ ಅಲ್ವಾ? ಈ ಗೋಡೆಗಳ ಮೇಲಿರುವವರು ಬೊಹೀಮಿಯಾ, ಮೊರಾವಿಯಾ ಅನ್ನುವ ಎರಡು ಸೀಮೆಯವರು ಮಾತ್ರ. ಅಂದರೆ ಈಗಿನ ಚೆಕ್ ದೇಶದವರು. ಅಷ್ಟಕ್ಕೇ ಹತ್ತಿರ ಹತ್ತಿರ 80,000 ಹೆಸರು ಆಗಿದೆ.

ಒಂದು ಸಾಲು ಹೇಗಿರುತ್ತದೆ ಅಂತ ಹೇಳುತ್ತೇನೆ, ಕೇಳಿ. ಮೊದಲು ಊರಿನ ಹೆಸರು, ಹೊಂಬಣ್ಣದಲ್ಲಿ. ಆಮೇಲೆ ಮನೆತನದ ಹೆಸರು, ಕೆಂಪಿನಲ್ಲಿ. ಅದರ ಪಕ್ಕ ಕಪ್ಪಿನಲ್ಲಿ ಆ ವ್ಯಕ್ತಿಯ ಹೆಸರು, ಹುಟ್ಟಿದ ತಾರೀಖು, ಮತ್ತೊಂದು ತಾರೀಖು. ಆ ಎರಡನೆಯದು ಸತ್ತ ದಿನ ಇರಬೇಕು ಅಂದುಕೊಂಡೆ. ಹಾಗಲ್ಲವಂತೆ. ತುಂಬಾ ಜನ ಸತ್ತದ್ದು ಯಾವ ದಿನ ಅಂತ ಯಾರಿಗೂ ಗೊತ್ತಿಲ್ಲ. ಅವರು ಬದುಕಿದ್ದರು ಅನ್ನುವುದಕ್ಕೆ ಕೊನೆಯ ಗುರುತು ಸಿಕ್ಕ ದಿನ ಅದು. ಹೆಚ್ಚಿನವರ ಪಾಲಿಗೆ ಅದು ಸಾವಿನ ಶಿಬಿರದ ರೈಲು ಹತ್ತಿಸಿದ ದಿನ. ಒಂದು ಹೆಸರು ಮುಗಿದು ಇನ್ನೊಂದು ಶುರುವಾಗುವ ಕಡೆ ಸಣ್ಣ ನಕ್ಷತ್ರ. ಪ್ಯಾರಾ ಇಲ್ಲ, ಅಂಚು ಬಿಟ್ಟಿಲ್ಲ.

ಇದನ್ನು ಮಾಡಿದವರು ಇಬ್ಬರು ಚಿತ್ರಕಾರರು. ವಾಸ್ಲಾವ್ ಬೋಶ್ಟಿಕ್ ಮತ್ತು ಯಿರ್ಜಿ ಯೋನ್. 1950ರ ದಶಕದ ನಡುವಿನಲ್ಲಿ ಕೆಲಸ ಹಿಡಿದರು. 1960ರಲ್ಲಿ ಜನರಿಗೆ ಬಾಗಿಲು ತೆರೆಯಿತು. ರೈಲಿನಲ್ಲಿ ಸಾಗಿಸಿದವರ ಪಟ್ಟಿಗಳು, ನೋಂದಣಿ ಕಾಗದಗಳು, ಬದುಕಿ ಬಂದವರು ಹೇಳಿದ ಮಾತುಗಳು, ಇವುಗಳಿಂದ ಹೆಸರು ಕೂಡಿಸಿದ್ದರು. ಯೋಚನೆ ಮಾಡಿ. ಕೊಲ್ಲುವುದಕ್ಕೆ ಅಂತ ಮಾಡಿದ ಪಟ್ಟಿ. ಅದರಲ್ಲಿ ಒಬ್ಬೊಬ್ಬರಿಗೂ ನಂಬರ್ ಕೊಟ್ಟಿದ್ದರು. ಅದೇ ಪಟ್ಟಿ ಹಿಡಿದುಕೊಂಡು ಈ ಚಿತ್ರಕಾರರು ನಂಬರ್ ಬಿಟ್ಟು ಹೆಸರನ್ನು ಗೋಡೆಗೆ ತಂದರು. ಮನುಷ್ಯರ ಚಿತ್ರ ಒಂದನ್ನೂ ಬರೆಯಲಿಲ್ಲ. ಚಿತ್ರ ಬರೆಯಲು ಗೊತ್ತಿದ್ದ ಕೈ ಬರೀ ಅಕ್ಷರ ಬರೆಯಿತು. ನನಗೆ ಅದು ತುಂಬಾ ದೊಡ್ಡ ವಿಷಯ ಅನ್ನಿಸುತ್ತದೆ.

ಸಿನಗಾಗ್‌ಗಳಲ್ಲಿ ಮುಂದಿನ ಗೋಡೆಗೆ ಒಂದು ಪವಿತ್ರ ಪೆಟ್ಟಿಗೆ ಇರುತ್ತದೆ. ಅವರ ಧರ್ಮಗ್ರಂಥ ತೋರಾದ ಸುರುಳಿಗಳನ್ನು ಇಡುವುದು ಅಲ್ಲೇ. ಹಬ್ಬದ ದಿನ ಎಲ್ಲರ ಕಣ್ಣೂ ಅದರ ಕಡೆಗೇ. ಪಿಂಕಾಸ್‌ನಲ್ಲಿ ಆ ಪೆಟ್ಟಿಗೆಯ ಎರಡೂ ಪಕ್ಕ ಬರೆದಿರುವುದು ಶಿಬಿರಗಳ ಹೆಸರು. ಜನರನ್ನು ಕೂಡಿಹಾಕಿದ, ಕೊಂದ ಊರುಗಳ ಹೆಸರು. ಪೂಜೆಗೆ ಕೈಮುಗಿಯಲು ಹೋದ ಕಣ್ಣು ಅದನ್ನು ಓದದೆ ಇರಲು ಸಾಧ್ಯವಿಲ್ಲ.

ಈ ಗೋಡೆಯದ್ದೇ ಒಂದು ಕತೆ ಇದೆ. ಅಮೆರಿಕದ ವಿದೇಶಾಂಗ ಮಂತ್ರಿಯಾಗಿದ್ದ ಮ್ಯಾಡಲೀನ್ ಆಲ್‌ಬ್ರೈಟ್ ಹುಟ್ಟಿದ್ದು ಪ್ರಾಗ್‌ನಲ್ಲಿ. ಬೆಳೆದದ್ದು ಕ್ಯಾಥೊಲಿಕ್ ಆಗಿ. ತಮ್ಮ ಮನೆತನ ಯಹೂದಿ, ಅಜ್ಜ ಅಜ್ಜಿಯರು ಹೊಲೊಕಾಸ್ಟ್‌ನಲ್ಲಿ ಸತ್ತವರು ಅನ್ನುವುದು ಅವರಿಗೆ ಗಟ್ಟಿಯಾಗಿ ಗೊತ್ತಾಗಿದ್ದು 1997ರಲ್ಲಿ, ಅರವತ್ತರ ಹತ್ತಿರದ ವಯಸ್ಸಿನಲ್ಲಿ. ಆ ವರ್ಷ ಅವರು ಪಿಂಕಾಸ್‌ಗೆ ಹೋಗಿ, ತಂದೆಯ ತಂದೆ ತಾಯಿಯ ಹೆಸರನ್ನು ಗೋಡೆಯ ಮೇಲೆ ನೋಡಿದರು. ಹಿಂದಿನ ವರ್ಷವೂ ಅಲ್ಲಿಗೆ ಬಂದಿದ್ದರು. ಆಗ ತಮ್ಮವರ ಹೆಸರು ಹುಡುಕಬೇಕು ಅಂತ ಅವರಿಗೆ ಹೊಳೆದೇ ಇರಲಿಲ್ಲ.

ಆದರೆ ಆಲ್‌ಬ್ರೈಟ್ ನೋಡಿದ ಗೋಡೆ 1960ರ ಗೋಡೆ ಅಲ್ಲ. ಅದು ಎರಡನೇ ಸಲ ಬರೆದದ್ದು. ಪಿಂಕಾಸ್ ಇರುವುದು ವಲ್ಟಾವಾ ನದಿಗೆ ಹತ್ತಿರ. ಅಂತರ್ಜಲ ಗೋಡೆಗೆ ಏರಿತು. 1968ರಲ್ಲಿ ಸ್ಮಾರಕ ಮುಚ್ಚಿದರು. ಆಗಿನ ಕಮ್ಯುನಿಸ್ಟ್ ಸರ್ಕಾರಕ್ಕೆ ಇದನ್ನು ಮತ್ತೆ ತೆರೆಯುವ ಅವಸರ ಇರಲಿಲ್ಲ. ಇಪ್ಪತ್ತು ವರ್ಷಕ್ಕೂ ಮೇಲೆ ಬಾಗಿಲು ಮುಚ್ಚಿಯೇ ಇತ್ತು. ಹೆಸರುಗಳೂ ಹೋದವು. ಒಂದು ಸಲ ಮನುಷ್ಯರು ಹೋದರು. ಇನ್ನೊಂದು ಸಲ ಅವರ ಹೆಸರೂ ಹೋಯಿತು. ಸರ್ಕಾರ ಬದಲಾದ ಮೇಲೆ, 1992ರಿಂದ 1996ರ ತನಕ, ಅಷ್ಟೂ ಹೆಸರನ್ನು ಮೊದಲಿಂದ ಬರೆದರು. ಮತ್ತೆ ಕೈಯಲ್ಲೇ. 2002ರ ಪ್ರವಾಹದಲ್ಲಿ ನೀರು ಒಳಗೆ ನುಗ್ಗಿ ಗೋಡೆಯ ಕೆಳಭಾಗ ಹಾಳಾಯಿತು. ಅದನ್ನೂ ಮತ್ತೆ ಬರೆದರು.

ಇಷ್ಟು ಹೊತ್ತು ನಾನು ಸಾವಿನ ಮಾತೇ ಆಡಿದೆ. ಆದರೆ ಅದೇ ಕಟ್ಟಡದ ಮಹಡಿಯಲ್ಲಿ ಹಬ್ಬ ಇದೆ. ಅದನ್ನು ಹೇಳಲೆಂದೇ ಇವತ್ತು ಬಂದದ್ದು.

ಅದಕ್ಕೆ ಮೊದಲು ಯಹೂದಿಗಳ ಹಬ್ಬದ ರೀತಿ ಸ್ವಲ್ಪ ಹೇಳಬೇಕು. ಪೆಸಾಖ್ ಅಂತ ಅವರ ದೊಡ್ಡ ಹಬ್ಬ, ವಸಂತದಲ್ಲಿ ಬರುತ್ತದೆ. ಈಜಿಪ್ಟಿನ ಗುಲಾಮಗಿರಿಯಿಂದ ಬಿಡುಗಡೆಯಾದ ನೆನಪಿನ ಹಬ್ಬ. ಆ ರಾತ್ರಿ ಮನೆಯವರೆಲ್ಲ ಮೇಜಿನ ಸುತ್ತ ಕೂರುತ್ತಾರೆ. ಈ ಊಟಕ್ಕೆ ಸೇಡರ್ ಅಂತ ಹೆಸರು. ಮನೆಯ ಅತಿ ಚಿಕ್ಕ ಮಗು, "ಈ ರಾತ್ರಿ ಯಾಕೆ ಬೇರೆ ರಾತ್ರಿಗಳ ಹಾಗಲ್ಲ?" ಅಂತ ಕೇಳಬೇಕು. ದೊಡ್ಡವರು ಕತೆ ಹೇಳಬೇಕು. ಕತೆಯಲ್ಲಿ ಈಜಿಪ್ಟಿನವರ ಮೇಲೆ ಬಂದ ಹತ್ತು ಪೀಡೆಗಳ ಹೆಸರು ಬಂದಾಗ, ಒಂದೊಂದಕ್ಕೂ ಲೋಟದಿಂದ ಒಂದು ಹನಿ ದ್ರಾಕ್ಷಾರಸ ತೆಗೆದು ಹೊರಗೆ ಹಾಕುತ್ತಾರೆ. ಶತ್ರುಗಳಾದರೇನು, ಅವರೂ ನೊಂದರಲ್ಲ, ಅದಕ್ಕೆ ನಮ್ಮ ಸಂತೋಷದ ಲೋಟ ತುಂಬಿರಬಾರದು ಅಂತ ಹಿರಿಯರು ಅದಕ್ಕೆ ಅರ್ಥ ಹೇಳುತ್ತಾರೆ. ಮದುವೆಯಲ್ಲಿ ಮದುಮಗ ಗಾಜಿನ ಲೋಟವನ್ನು ಕಾಲಿಂದ ಒಡೆಯುತ್ತಾನೆ. ಹಾಳಾದ ಜೆರುಸಲೆಮ್ ದೇವಾಲಯದ ನೆನಪಿಗೆ. ಅದು ಒಡೆದ ಕೂಡಲೇ ಎಲ್ಲರೂ ಖುಷಿಯಿಂದ ಕೂಗುತ್ತಾರೆ.

ಇನ್ನೊಂದು ಇದೆ. ಯಿಜ್ಕೋರ್ ಅಂತ, ಸತ್ತವರನ್ನು ನೆನೆಯುವ ಪ್ರಾರ್ಥನೆ. ಅದನ್ನು ಸಿನಗಾಗ್‌ನಲ್ಲಿ ಹೇಳುವುದು ವರ್ಷಕ್ಕೆ ನಾಲ್ಕು ಸಲ. ಒಂದು ಉಪವಾಸದ ದಿನ ಯೋಮ್ ಕಿಪ್ಪುರ್. ಉಳಿದ ಮೂರೂ ಹಬ್ಬದ ದಿನಗಳೇ. ಪೆಸಾಖ್‌ನ ಕೊನೆಯ ದಿನವೂ ಅದರಲ್ಲಿ ಒಂದು. ಆ ಪ್ರಾರ್ಥನೆಯ ಮಧ್ಯೆ ಒಂದು ಖಾಲಿ ಜಾಗ ಬರುತ್ತದೆ. ಅಲ್ಲಿ ಪ್ರತಿಯೊಬ್ಬರೂ ತಮ್ಮ ಮನೆಯಲ್ಲಿ ತೀರಿಹೋದವರ ಹೆಸರು ಹೇಳಬೇಕು. ಹಬ್ಬದ ಬಟ್ಟೆ ಹಾಕಿಕೊಂಡು, ಹಬ್ಬದ ಹಾಡು ಹೇಳಿ ಮುಗಿಸಿ, ಸತ್ತವರ ಹೆಸರು ಹೇಳುವುದು. ಅವರಲ್ಲಿ ಹಬ್ಬಕ್ಕೂ ನೆನಪಿಗೂ ಬೇರೆ ಬೇರೆ ಕೋಣೆ ಇಲ್ಲ.

ಈಗ ಮಹಡಿಗೆ ಬನ್ನಿ. ಅಲ್ಲಿರುವುದು ಮಕ್ಕಳು ಬರೆದ ಚಿತ್ರಗಳು.

ಪ್ರಾಗ್‌ನ ಉತ್ತರಕ್ಕೆ ಟೆರೆಜಿನ್ ಅಂತ ಕೋಟೆ ಊರು. 1941ರ ನವೆಂಬರಿನಲ್ಲಿ ನಾಜಿಗಳು ಅದನ್ನು ಯಹೂದಿಗಳನ್ನು ಕೂಡಿಹಾಕುವ ಘೆಟ್ಟೊ ಮಾಡಿದರು. ಯುದ್ಧ ಮುಗಿಯುವುದರೊಳಗೆ 1,40,000ಕ್ಕೂ ಹೆಚ್ಚು ಜನರನ್ನು ಅಲ್ಲಿಗೆ ತಂದರು. ಹಸಿವು, ಕಾಯಿಲೆಗಳಿಂದ ಸುಮಾರು 33,000 ಜನ ಅಲ್ಲೇ ಸತ್ತರು. ಇನ್ನೂ ಸುಮಾರು 88,000 ಜನರನ್ನು ಪೂರ್ವದ ಕಡೆ, ಆಶ್ವಿಟ್ಸ್‌ನಂಥ ಸಾವಿನ ಶಿಬಿರಗಳಿಗೆ ಸಾಗಿಸಿದರು. ಮಕ್ಕಳನ್ನು ತಂದೆ ತಾಯಿಯಿಂದ ಬೇರೆ ಮಾಡಿ ಮಕ್ಕಳ ಮನೆ ಅಂತ ದೊಡ್ಡ ಕಟ್ಟಡಗಳಲ್ಲಿ ಇಟ್ಟಿದ್ದರು. ಪಾಠ ಹೇಳಬಾರದು ಅಂತ ಕಟ್ಟಪ್ಪಣೆ. ಹಾಡಬಹುದು, ಚಿತ್ರ ಬರೆಯಬಹುದು. ಅದು ಸುಮ್ನೆ ಹೊತ್ತು ಕಳೆಯುವ ಕೆಲಸ ಅಂತ ಅವರ ಲೆಕ್ಕ.

1942ರ ಡಿಸೆಂಬರಿನಲ್ಲಿ ಆ ಊರಿಗೆ ಒಬ್ಬ ಡ್ರಾಯಿಂಗ್ ಟೀಚರ್ ಬಂದರು. ಫ್ರೀಡ್ಲ್ ಡಿಕರ್-ಬ್ರಾಂಡೈಸ್. ವಿಯೆನ್ನಾದಲ್ಲಿ ಹುಟ್ಟಿದವರು, ಆಗ ನಲವತ್ತನಾಲ್ಕು ವರ್ಷ. ಜರ್ಮನಿಯ ಹೆಸರಾಂತ ಬೌಹೌಸ್ ಕಲಾಶಾಲೆಯಲ್ಲಿ ಯೊಹಾನ್ಸ್ ಇಟ್ಟೆನ್ ಹತ್ತಿರ ಕಲಿತಿದ್ದರು. ಅದೇ ಬೌಹೌಸ್‌ನ ಕೃತಿಗಳು 1922ರಲ್ಲಿ ನಮ್ಮ ಕಲ್ಕತ್ತಾದಲ್ಲಿ ಪ್ರದರ್ಶನ ಆಗಿದ್ದವು. ಇಟ್ಟೆನ್ ಅವರದ್ದೂ ಅದರಲ್ಲಿದ್ದವು. ಟೆರೆಜಿನ್‌ಗೆ ಹೋಗುವವರು ಐವತ್ತು ಕಿಲೋ ಸಾಮಾನು ಮಾತ್ರ ತರಬಹುದಿತ್ತು. ಬೇರೆಯವರು ಕಂಬಳಿ, ಬಟ್ಟೆ, ತಿನ್ನುವ ಸಾಮಾನು ತುಂಬಿಕೊಂಡರು. ಫ್ರೀಡ್ಲ್ ಆ ತೂಕದಲ್ಲೇ ಚಿತ್ರದ ಸಾಮಾನಿಗೂ ಜಾಗ ಮಾಡಿದ್ದರು.

ಅವರು ಕಲಿಸುತ್ತಿದ್ದ ರೀತಿ ಕೇಳಿದಾಗ ನನಗೆ ಮೈ ಜುಮ್ ಅಂದಿತು. ಮೊದಲು ಕೈ ಸಡಿಲ ಮಾಡಿಸುತ್ತಿದ್ದರು. ತಾಳ ಹಾಕಿದ ಹಾಗೆ, ಅದರ ಲಯಕ್ಕೆ ಮಕ್ಕಳು ಗೆರೆ ಎಳೆಯಬೇಕು. ಒಂದು ಕತೆ ಹೇಳಿ, ಅದರಲ್ಲಿ ಬಂದ ವಸ್ತುಗಳನ್ನು ಬರೆಯಿರಿ ಅನ್ನುತ್ತಿದ್ದರು. ಬಣ್ಣ ಸಾಲದಿದ್ದರೆ ಆಫೀಸಿನ ಹಳೆ ಫಾರ್ಮುಗಳನ್ನು ಹರಿದು ಅಂಟಿಸಿ ಚಿತ್ರ ಮಾಡಿಸುತ್ತಿದ್ದರು. ಮಹಡಿಯಲ್ಲಿ ಅಂಥ ಹಾಳೆ ನೋಡಿದೆ. ಬೆಟ್ಟದ ಹಸಿರಿನ ಪಕ್ಕದಲ್ಲೇ ಅಚ್ಚಾದ ಕೋಷ್ಟಕದ ಗೆರೆಗಳು ಕಾಣುತ್ತವೆ. ತಪ್ಪು ಸರಿ ಅಂತ ತಿದ್ದಲು ಹೋಗುತ್ತಿರಲಿಲ್ಲ. ಮಕ್ಕಳನ್ನು ತಮ್ಮ ಹಾಗೆ ಮಾಡಲು ದೊಡ್ಡವರು ಯಾಕೆ ಇಷ್ಟು ಅವಸರ ಪಡುತ್ತಾರೆ ಅಂತ, ಟೆರೆಜಿನ್‌ನ ಬೇರೆ ಟೀಚರುಗಳ ಮುಂದೆ ಮಾತಾಡುವಾಗ ಕೇಳಿದ್ದರು. ಇಪ್ಪತ್ತೊಂಬತ್ತು ವರ್ಷದಲ್ಲಿ ಎಷ್ಟು ಮಕ್ಕಳ ಗೆರೆಯನ್ನು ನಾನು ಅವಸರದಲ್ಲಿ ತಿದ್ದಿದ್ದೇನೆ ಅಂತ ನೆನಪಾಗಿ ಸಂಕಟ ಆಯಿತು. ಪ್ರಾಗ್‌ನಲ್ಲಿ ಫ್ರೀಡ್ಲ್ ಹತ್ತಿರ ಕಲಿತ ಈಡಿತ್ ಕ್ರಾಮರ್ ಮುಂದೆ ಅಮೆರಿಕದಲ್ಲಿ ಆರ್ಟ್ ಥೆರಪಿಗೆ, ಅಂದರೆ ಚಿತ್ರ ಬರೆಸಿ ಮನಸ್ಸಿನ ನೋವಿಗೆ ಮಾಡುವ ಚಿಕಿತ್ಸೆಗೆ, ಬುನಾದಿ ಹಾಕಿದವರಲ್ಲಿ ಒಬ್ಬರಾದರು.

ಮತ್ತೊಂದು ಪದ್ಧತಿ. ಪ್ರತಿ ಮಗುವೂ ಚಿತ್ರದ ಮೇಲೆ ತನ್ನ ಹೆಸರು ಬರೆಯಬೇಕು. ನಂಬರ್ ಕೊಟ್ಟು ಕರೆಯುವ ಜಾಗದಲ್ಲಿ ಅದು ಅವರ ನಿಯಮ. ಫ್ರೀಡ್ಲ್ ಅಲ್ಲಿ ಬರೆದ ತಮ್ಮ ಸ್ವಂತ ಚಿತ್ರಗಳಿಗೆ ಮಾತ್ರ ಸಹಿ ಹಾಕುತ್ತಿದ್ದದ್ದು ಕಡಿಮೆಯಂತೆ.

ಇನ್ನು ಚಿತ್ರಗಳು. ಶಿಬಿರದ್ದು ಅಂದರೆ ಬರೀ ಕತ್ತಲೆ ಇರುತ್ತದೆ ಅಂದುಕೊಂಡಿದ್ದೆ. ಹಾಗಿಲ್ಲ. ಮೂರು ಅಂತಸ್ತಿನ ಮಂಚ, ಕಾವಲುಗಾರ, ಊಟದ ಸಾಲು ಇವೆ. ಆದರೆ ಹೂವು, ಚಿಟ್ಟೆ, ಮನೆ, ಮರ ಅದಕ್ಕಿಂತ ಜಾಸ್ತಿ. ಹಬ್ಬಗಳೂ ಇವೆ. ಸೇಡರ್ ಊಟಕ್ಕೆ ಕೂತ ಮನೆಯವರು ಇದ್ದಾರೆ. ಮೇಜಿನ ಮೇಲೆ ಹಾಸಿದ ಬಟ್ಟೆ, ಅದರ ಮೇಲೆ ದೀಪ. ನಮ್ಮ ಮಕ್ಕಳು ಬರೆಯುವ ಹಾಗೇ. ಮೇಜು ಮೇಲಿನಿಂದ ಕಾಣುತ್ತದೆ, ಜನ ಎದುರಿನಿಂದ ಕಾಣುತ್ತಾರೆ. ಎರಡನ್ನೂ ಒಟ್ಟಿಗೆ ನೋಡಲು ಮಗುವಿಗೆ ಮಾತ್ರ ಬರುತ್ತದೆ. ಆ ಮಗು ಹಸಿದು ಕೂತು, ಹಬ್ಬದ ಊಟ ಬರೆದಿದೆ. ಅಪ್ಪ ಅಮ್ಮ ಬೇರೆ ಕಟ್ಟಡದಲ್ಲಿರುವಾಗ ಎಲ್ಲರನ್ನೂ ಒಂದೇ ಮೇಜಿಗೆ ಕೂರಿಸಿದೆ. ನಾನು ಅಲ್ಲಿ ತುಂಬಾ ಹೊತ್ತು ನಿಂತೆ.

ಹಬ್ಬವನ್ನು ಅವರು ಕಾಗದದಲ್ಲಿ ಮಾತ್ರ ಮಾಡಿದ್ದಲ್ಲ. ಹನುಕ್ಕಾ ಅಂತ ಚಳಿಗಾಲದ ದೀಪದ ಹಬ್ಬ ಇದೆ. ಎಂಟು ರಾತ್ರಿ, ದಿನಕ್ಕೊಂದರಂತೆ ದೀಪ ಹೆಚ್ಚಿಸುತ್ತಾ ಹೋಗಬೇಕು. ಬೀದಿಯವರಿಗೆ ಕಾಣುವ ಹಾಗೆ ಕಿಟಕಿಯಲ್ಲಿ ಇಡುವುದು ಪದ್ಧತಿ. 1942ರಲ್ಲಿ ಟೆರೆಜಿನ್‌ನ ಹುಡುಗರ ಮನೆಗೆ ಅಂತ ಶಿಲ್ಪಿ ಆರ್ನಾಲ್ಡ್ ಝಾಡಿಕೋವ್ ಒಂದು ದೀಪಸ್ತಂಭ ರೂಪಿಸಿದರು. ಲಿಯೊಪೋಲ್ಡ್ ಹೆಕ್ಟ್ ಅದನ್ನು ಮರದಲ್ಲಿ ಕೆತ್ತಿದರು. ಮರ ಎಲ್ಲಿಂದ ಬಂತು? ನಾಜಿಗಳ ದಾಸ್ತಾನಿನಿಂದ ಕದ್ದು ತಂದದ್ದು. ಝಾಡಿಕೋವ್ ಮರುವರ್ಷ ಅಲ್ಲೇ ತೀರಿಕೊಂಡರು. ದೀಪಸ್ತಂಭ ಈಗ ನ್ಯೂಯಾರ್ಕಿನ ಯಹೂದಿ ಮ್ಯೂಸಿಯಂನಲ್ಲಿದೆ.

ಟೆರೆಜಿನ್‌ನಲ್ಲೇ ಗುಟ್ಟಾದ ಒಂದು ಸಿನಗಾಗ್ ಕೂಡ ಇತ್ತು. ಒಂದು ಮನೆಯ ಹಿತ್ತಲಿನ ಉಗ್ರಾಣದಂಥ ಸಣ್ಣ ಕೋಣೆ. ಆರ್ಟುರ್ ಬೆರ್ಲಿಂಗರ್ ಅನ್ನುವ ಜರ್ಮನ್ ಯಹೂದಿ ಮೇಷ್ಟ್ರು ಅದರ ಗೋಡೆಗಳಿಗೆ ಬಣ್ಣ ಹಾಕಿದರು. ಕಮಾನಿನ ಮಾಡಿಗೆ ನಕ್ಷತ್ರ ಬರೆದರು, ಗೋಡೆಗೆ ಹೀಬ್ರೂ ಪ್ರಾರ್ಥನೆಯ ಸಾಲು ಬರೆದರು. ಬೆರ್ಲಿಂಗರ್ ಅವರನ್ನು 1944ರಲ್ಲಿ ಆಶ್ವಿಟ್ಸ್‌ಗೆ ಕಳಿಸಿದರು. ಕೋಣೆ ಹಾಗೇ ಉಳಿಯಿತು. ಲೋಕಕ್ಕೆ ಅದು ಗೊತ್ತಾಗಿದ್ದು ಕಮ್ಯುನಿಸ್ಟ್ ಆಡಳಿತ ಹೋದ ಮೇಲೆ. ಅಲ್ಲಿನ ಒಂದು ಸಾಲಿನ ಅರ್ಥ ಹೀಗೆ. "ಇಷ್ಟೆಲ್ಲ ಆದರೂ ನಾವು ನಿನ್ನ ಹೆಸರನ್ನು ಮರೆತಿಲ್ಲ. ನೀನು ನಮ್ಮನ್ನು ಮರೆಯಬೇಡ."

ಟೆರೆಜಿನ್‌ನ ಇನ್ನೊಬ್ಬ ಹುಡುಗನನ್ನು ನೆನೆಯದೆ ಮುಂದೆ ಹೋಗಲಾರೆ. ಪೆಟರ್ ಗಿಂಜ್. ಗೆಳೆಯರ ಜೊತೆ ಸೇರಿ ಕೈಬರಹದ ಪತ್ರಿಕೆ ನಡೆಸುತ್ತಿದ್ದ. ಚಂದ್ರನ ಮೇಲೆ ನಿಂತು ಭೂಮಿಯನ್ನು ನೋಡಿದರೆ ಹೇಗಿರುತ್ತದೆ ಅಂತ ಒಂದು ಚಿತ್ರ ಬರೆದ. 1944ರಲ್ಲಿ ಆಶ್ವಿಟ್ಸ್‌ನಲ್ಲಿ ಅವನನ್ನು ಕೊಂದರು, ಹದಿನಾರು ವರ್ಷಕ್ಕೆ. ಇಸ್ರೇಲಿನ ಗಗನಯಾತ್ರಿ ಇಲಾನ್ ರಾಮೋನ್ ಆ ಚಿತ್ರದ ಪ್ರತಿಯನ್ನು ಕೊಲಂಬಿಯಾ ನೌಕೆಯಲ್ಲಿ ಆಕಾಶಕ್ಕೆ ತೆಗೆದುಕೊಂಡು ಹೋಗಿದ್ದರು. ಹೌದು, ನಮ್ಮ ಕಲ್ಪನಾ ಚಾವ್ಲಾ ಇದ್ದ ಅದೇ ನೌಕೆ. 2003ರ ಫೆಬ್ರವರಿ 1ರಂದು ಅದು ಒಡೆದು ಚೂರಾಯಿತಲ್ಲ, ಆವತ್ತು ಪೆಟರ್ ಬದುಕಿದ್ದರೆ ಅವನಿಗೆ 75 ತುಂಬುತ್ತಿತ್ತು. ಕಲ್ಪನಾ ಹೆಸರನ್ನು ನಮ್ಮ ಇಸ್ರೋ ಉಪಗ್ರಹಕ್ಕೆ ಇಟ್ಟ ಸುದ್ದಿ ಆಗ ಎಲ್ಲ ಶಾಲೆಗಳಲ್ಲೂ ಮಾತಾಗಿತ್ತು. ಅದೇ ನೌಕೆಯಲ್ಲಿ ಒಬ್ಬ ಹುಡುಗನ ಚಿತ್ರವೂ ಇತ್ತು ಅಂತ ನನಗೆ ಆಗ ಗೊತ್ತಿದ್ದರೆ, ನನ್ನ ಕ್ಲಾಸಿನಲ್ಲಿ ಹೇಳುತ್ತಿದ್ದೆ.

1944ರ ಸೆಪ್ಟೆಂಬರ್ ಕೊನೆಗೆ ಫ್ರೀಡ್ಲ್ ಅವರ ಗಂಡ ಪಾವೆಲ್‌ರನ್ನು ರೈಲು ಹತ್ತಿಸಿದರು. ಫ್ರೀಡ್ಲ್ ತಾವೂ ಹೋಗುತ್ತೇನೆ ಅಂತ ತಾವಾಗಿಯೇ ಹೆಸರು ಕೊಟ್ಟರು. ಅಕ್ಟೋಬರ್ 6ರ ರೈಲಿನಲ್ಲಿ ಹೋದರು. ಅಕ್ಟೋಬರ್ 9ರಂದು ಆಶ್ವಿಟ್ಸ್‌ನಲ್ಲಿ ಅವರನ್ನು ಕೊಂದರು. ಪಾವೆಲ್ ಬದುಕಿ ಉಳಿದರು. ಹೊರಡುವ ಮೊದಲು ಫ್ರೀಡ್ಲ್ ಮಕ್ಕಳ ಚಿತ್ರಗಳನ್ನು ಎರಡು ಸೂಟ್‌ಕೇಸಿನಲ್ಲಿ ತುಂಬಿ ಇಟ್ಟಿದ್ದರು. ಸುಮಾರು 4,500 ಹಾಳೆ. ಯುದ್ಧ ಮುಗಿದ ಮೇಲೆ, 1945ರಲ್ಲಿ, ಮಕ್ಕಳ ಮನೆ ನೋಡಿಕೊಳ್ಳುತ್ತಿದ್ದ ವಿಲ್ಲಿ ಗ್ರೋಗ್ ಅವನ್ನು ಪ್ರಾಗ್‌ಗೆ ತಂದು ಯಹೂದಿ ಸಮುದಾಯಕ್ಕೆ ಒಪ್ಪಿಸಿದರು. ಹೆಸರು ಬರೆದಿದ್ದರಿಂದ ಯಾವ ಚಿತ್ರ ಯಾರದ್ದು ಅಂತ ಹುಡುಕಲು ಆಯಿತು. ಬರೆದ ಮಕ್ಕಳಲ್ಲಿ ಹೆಚ್ಚಿನವರು ಉಳಿದಿರಲಿಲ್ಲ.

ಮಹಡಿಯಿಂದ ಇಳಿಯುವ ಮೊದಲು ಒಂದು ಚಿತ್ರದ ಕೆಳಗಿದ್ದ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡೆ. ಹುಡುಗಿಯ ಹೆಸರು. ಪೆನ್ಸಿಲಿನಲ್ಲಿ ಬರೆದಿದ್ದಳು. ಅಕ್ಷರ ಶುರುವಿನಲ್ಲಿ ದೊಡ್ಡದು, ಹಾಳೆ ಮುಗಿಯುತ್ತಾ ಬಂದ ಹಾಗೆ ಚಿಕ್ಕದಾಗಿ ಒತ್ತಿಕೊಂಡಿತ್ತು. ಪಕ್ಕದ ಫಲಕದಲ್ಲಿ ಅವಳು ಪ್ರಾಗ್‌ನವಳು ಅಂತ ಇತ್ತು. ಪ್ರಾಗ್‌ನವರ ಹೆಸರು ಇರುವುದು ಕೆಳಗಿನ ದೊಡ್ಡ ಹಜಾರದಲ್ಲಿ, ಮನೆತನದ ಹೆಸರಿನ ಅಕ್ಷರ ಕ್ರಮದಲ್ಲಿ. ಅಲ್ಲಿ ನಿಂತು ಹುಡುಕಲು ಶುರು ಮಾಡಿದೆ. ಅದೇ ಮನೆತನದವರು ತುಂಬಾ ಜನ ಇದ್ದರು. ಕುತ್ತಿಗೆ ನೋಯುತ್ತಿತ್ತು. ಮಗಳು ಬಂದು, ಹೊತ್ತಾಯಿತಮ್ಮ ಅಂದಳು. ಚೀಟಿ ನೋಡಿ ಅವಳೂ ಹುಡುಕಲು ನಿಂತಳು.

ಸಿಕ್ಕಿದ್ದು ಅವಳಿಗೇ. ನನ್ನ ತಲೆಗಿಂತ ಎರಡಡಿ ಮೇಲೆ. ಹುಟ್ಟಿದ ತಾರೀಖು ಫಲಕದಲ್ಲಿ ಇದ್ದದ್ದೇ. ಪಕ್ಕದ ತಾರೀಖು 1944ರ ಅಕ್ಟೋಬರಿನದು. ಇಲ್ಲಿ ಅವಳ ಹೆಸರಿನ ಅಕ್ಷರ ಎಲ್ಲವೂ ಒಂದೇ ಅಳತೆಗೆ ಇತ್ತು.